ಅವರೆಕಾಯಿ ಕಾಲದ ಪತ್ರಗಳು

ಈ ಸಲ ಪತ್ರಗಳ ಕಟ್ಟು ದಪ್ಪಗಿದೆ. ಡಿಸೆಂಬರ್ ಬಂತೆಂದರೆ ಹಾಗೇ. ಬೆಂಗಳೂರಿಗೆ ಚಳಿ ಬಿದ್ದ ಕೂಡಲೇ ಅರ್ಧ ಊರಿಗೆ ಮೂಗು ಕಟ್ಟುತ್ತದೆ, ಇನ್ನರ್ಧ ಊರು ಅವರೆಕಾಯಿ ತಂದು ಟಿವಿ ಮುಂದೆ ಹರಡಿಕೊಂಡು ಕೂರುತ್ತದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು "ಏನು ತಿನ್ನಬೇಕು" ಅಂತಲೇ ಕೇಳಿವೆ. ಯಾವ ಹೊತ್ತಿಗೆ ತಿನ್ನುತ್ತೀರಿ, ಯಾರ ಜೊತೆ ತಿನ್ನುತ್ತೀರಿ, ಕೂತು ತಿನ್ನುತ್ತೀರಾ ನಿಂತು ತಿನ್ನುತ್ತೀರಾ ಅನ್ನುವುದನ್ನು ಯಾರೂ ನೇರವಾಗಿ ಬರೆಯುವುದಿಲ್ಲ. ಆದರೂ ಪತ್ರದಲ್ಲಿ ಎಲ್ಲೋ ಒಂದು ಕಡೆ ಅದು ಇಣುಕಿಬಿಡುತ್ತದೆ. ನಾನು ಅದನ್ನೇ ಹಿಡಿದುಕೊಂಡು ಉತ್ತರ ಬರೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ. ಆರು ತಿಂಗಳಿಂದ ತುಂಬಾ ಸುಸ್ತು. ಕೂದಲು ಉದುರುತ್ತದೆ, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2 ಬಂತು. ಡಾಕ್ಟರು ಐರನ್ ಮಾತ್ರೆ ಬರೆದುಕೊಟ್ಟರು. ಎಂಟು ದಿನ ತಗೊಂಡೆ. ಹೊಟ್ಟೆ ಕಟ್ಟಿತು, ಮಲ ಕಪ್ಪಗಾಯಿತು, ಹೆದರಿ ಬಿಟ್ಟುಬಿಟ್ಟೆ. ಈಗ ದಿನಾ ಬೀಟ್‌ರೂಟ್ ಜ್ಯೂಸ್ ಕುಡಿದು ಎರಡು ಖರ್ಜೂರ ತಿನ್ನುತ್ತಿದ್ದೇನೆ. ಬೆಳಗ್ಗೆ ಐದೂವರೆಗೆ ಎದ್ದು ಕಾಫಿ ಕುಡಿದರೆ ಎಲ್ಲರೂ ಹೋದಮೇಲೆ ಹತ್ತೂವರೆಗೆ ನನ್ನ ತಿಂಡಿ. ಮೂರು ಗಂಟೆಗೆ ಊಟ, ಊಟವಾದ ಕೂಡಲೇ ಒಂದು ಲೋಟ ಟೀ. ರಕ್ತ ಜಾಸ್ತಿಯಾಗಲು ಇನ್ನೇನು ತಿನ್ನಬೇಕು ಮೇಡಂ?
– ವಿಜಯನಗರ

ಉತ್ತರ: ಮೊದಲು ಮಾತ್ರೆ ವಿಚಾರ ಮುಗಿಸಿಬಿಡೋಣ. ಐರನ್ ಮಾತ್ರೆ ತಗೊಂಡರೆ ಮಲ ಕಪ್ಪಗಾಗುವುದು ಸಹಜ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಆ ಬಣ್ಣ ಬರುತ್ತದೆ. ಮಾತ್ರೆ ನಿಲ್ಲಿಸಿ ವಾರವಾದಮೇಲೂ ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿದ್ದರೆ ಅದು ಬೇರೆ ಮಾತು, ಆಗ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಹೊಟ್ಟೆ ಕಟ್ಟುವುದಕ್ಕೂ ದಾರಿ ಇದೆ. ಬೇರೆ ತರದ ಐರನ್ ಮಾತ್ರೆಗಳಿವೆ. ದಿನ ಬಿಟ್ಟು ದಿನ ತಗೊಳ್ಳುವ ಕ್ರಮವೂ ಇದೆ, ಹಾಗೆ ತಗೊಂಡರೆ ಮೈ ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ ಅಂತ ಈಚಿನ ಅಧ್ಯಯನಗಳು ತೋರಿಸಿವೆ. ಇದನ್ನೆಲ್ಲ ನಿಮ್ಮ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಹೇಳದೆ ಕೇಳದೆ ಬಿಟ್ಟರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಹೆಂಗಸರಿಗೆ 12 ಇರಬೇಕಾದ ಕಡೆ 9.2 ಇದ್ದರೆ ಅದು ಜ್ಯೂಸಿಗೆ ಬಗ್ಗುವ ಸಂಖ್ಯೆ ಅಲ್ಲ.

ಬೀಟ್‌ರೂಟ್ ಬಣ್ಣ ಕೆಂಪು, ಅಷ್ಟೇ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. ಇನ್ನು ಎರಡು ಖರ್ಜೂರ ತಿಂದರೆ ಬಾಯಿ ಸಿಹಿಯಾಗುತ್ತದೆ, ಬೇಡ ಅನ್ನುವುದಿಲ್ಲ.

ಈಗ ನಿಮ್ಮ ದಿನದ ವಿಚಾರ. ಸುಸ್ತಿನ ಬಗ್ಗೆ ಅಷ್ಟೆಲ್ಲ ಬರೆದು ಹೊತ್ತಿನ ಬಗ್ಗೆ ಕೊನೆಯಲ್ಲಿ ಸುಮ್ನೆ ಹಾಗೇ ಬರೆದಿದ್ದೀರಿ. ನನಗೆ ಬೇಕಾಗಿದ್ದು ಅದೇ. ಐದೂವರೆಯಿಂದ ಹತ್ತೂವರೆ ತನಕ ಐದು ಗಂಟೆ, ಒಂದು ಲೋಟ ಕಾಫಿಯ ಮೇಲೆ. ಅಷ್ಟರಲ್ಲಿ ಮನೆಮಂದಿಗೆಲ್ಲ ದೋಸೆ ಹುಯ್ದು, ಡಬ್ಬಿ ಕಟ್ಟಿ, ಯಾರದೋ ಸಾಕ್ಸು ಹುಡುಕಿಕೊಟ್ಟು, ಆಮೇಲೆ ಹಂಚಿನ ಮೇಲೆ ಹರಿದುಹೋದ ದೋಸೆ ತಳ ಕಂಡ ಚಟ್ನಿ ನಿಮ್ಮ ಪಾಲಿಗೆ. ಇದು ನನ್ನ ಊಹೆ, ತಪ್ಪಿದ್ದರೆ ಬೈದು ಬರೆಯಿರಿ. ನಮ್ಮಮ್ಮ ಹಾಗೇ ತಿನ್ನುತ್ತಿದ್ದಳು. ಸೌಟನ್ನು ತಳಕ್ಕೆ ಇಳಿಸಿ ಕಾಳೆಲ್ಲ ಎತ್ತಿ ಎತ್ತಿ ನಮ್ಮ ತಟ್ಟೆಗೆ ಹಾಕಿ ತನಗೆ ತಿಳಿ ಉಳಿಸಿಕೊಳ್ಳುತ್ತಿದ್ದಳು. ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿದರೆ ಅಮ್ಮ ಊಟಕ್ಕೆ ಕೂತಳು ಅಂತ ನಮಗೆ ಗೊತ್ತಾಗುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತ ಕಮ್ಮಿ ಇತ್ತು. ಆ ಅಂಕಿ ಓದಿದಾಗ ನನಗೆ ಕೇಳಿಸಿದ್ದು ಅದೇ ಸದ್ದು.

ಹಾಗಾಗಿ ಇಷ್ಟು ಮಾಡಿ. ಮೊದಲ ದೋಸೆ ನಿಮ್ಮದು, ಕೊನೆಯದಲ್ಲ. ಏಳೂವರೆ ಒಳಗೆ ಕೂತು ತಿನ್ನಿ. ಹತ್ತು ನಿಮಿಷ ಅಡುಗೆಮನೆ ನಿಂತರೆ ಯಾರಿಗೂ ಸ್ಕೂಲು ತಪ್ಪುವುದಿಲ್ಲ. ಮಧ್ಯಾಹ್ನ ಬರೀ ತಿಳಿಸಾರು ಅನ್ನ ಬೇಡ, ಸೊಪ್ಪು ಕಾಳು ಹಾಕಿದ ಹುಳಿಯೋ ಬಸ್ಸಾರಿನ ಪಲ್ಯವೋ ಒಂದು ಬಟ್ಟಲು ತುಂಬ ಇರಲಿ, ಅದರ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ಬೇಕು, ಕುದಿಯುವಾಗ ಹಿಂಡಿದರೆ ಹಾಳಾಗುತ್ತದೆ, ತಟ್ಟೆಗೆ ಬಡಿಸಿಕೊಂಡಮೇಲೆ ಹಿಂಡಬೇಕು. ಮೊಟ್ಟೆ, ಮಾಂಸ ತಿನ್ನುವವರಾದರೆ ತಿನ್ನಿ, ಅದರಲ್ಲೂ ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ.

ಆಮೇಲೆ ಆ ಟೀ. ಊಟದ ಬೆನ್ನಿಗೇ ಟೀ ಕುಡಿದರೆ ಊಟದಲ್ಲಿದ್ದ ಕಬ್ಬಿಣದಲ್ಲಿ ಹೀರಿಕೊಳ್ಳಬೇಕಾದದ್ದು ಅರ್ಧಕ್ಕಿಂತ ಜಾಸ್ತಿ ಹಾಗೇ ಹೋಗಿಬಿಡಬಹುದು. ಟೀ ಬಿಡಬೇಡಿ, ಒಂದು ಗಂಟೆ ಮುಂದಕ್ಕೆ ಹಾಕಿ. ಮಾತ್ರೆಯನ್ನೂ ಹಾಲು, ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಯಾವುದರ ಜೊತೆಗೂ ನುಂಗಬೇಡಿ. ಹಿಮೋಗ್ಲೋಬಿನ್ ಸರಿಹೋದಮೇಲೂ ಮೈಯೊಳಗಿನ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ, ಚೆನ್ನಾಗಿದ್ದೀನಿ ಅನ್ನಿಸಿದ ಕೂಡಲೇ ಬಿಡಬೇಡಿ.

ಒಂದು ವಿಷಯ ನೀವು ಬರೆದಿಲ್ಲ. ಮುಟ್ಟು ಹೇಗಿದೆ? ನಲವತ್ತು ದಾಟಿದಮೇಲೆ ಏಳೆಂಟು ದಿನ ಹೋಗುವುದು, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ಗಡ್ಡೆ ಗಡ್ಡೆಯಾಗಿ ಹೋಗುವುದು ಇದ್ದರೆ "ವಯಸ್ಸಾಯಿತಲ್ಲ, ಹಾಗೇ" ಅಂತ ಬಿಡಬೇಡಿ. ತೂತಿರುವ ಬಿಂದಿಗೆಗೆ ಎಷ್ಟು ನೀರು ಹೊಯ್ದರೇನು? ಹೆಂಗಸರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅವರೆಕಾಯಿ ಅಂದರೆ ಪ್ರಾಣ. ತಿಂದರೆ ಹೊಟ್ಟೆ ಉಬ್ಬರ, ರಾತ್ರಿಯೆಲ್ಲ ಗ್ಯಾಸು. ಬಿಡಲೂ ಆಗುವುದಿಲ್ಲ, ತಿನ್ನಲೂ ಆಗುವುದಿಲ್ಲ.
– ವಿ.ವಿ.ಪುರಂ

ಉತ್ತರ: ಅವರೆಕಾಯಿ ಮೇಳಕ್ಕೆ ಹೆಸರಾದ ಸಜ್ಜನ್‌ರಾವ್ ಸರ್ಕಲ್ ಪಕ್ಕದಲ್ಲೇ ಮನೆ ಇಟ್ಟುಕೊಂಡು ಅವರೆಕಾಯಿ ಬಿಡಿ ಅಂದರೆ ಪಾಪ ತಟ್ಟುತ್ತದೆ. ಅವರೆಯಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಹೊಟ್ಟೆ ಅರಗಿಸುವುದಿಲ್ಲ. ದೊಡ್ಡ ಕರುಳಿಗೆ ಹೋದಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗ್ಯಾಸು ಮಾಡುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಹಿತಕಿದರೆ ಆ ಸಕ್ಕರೆ ಸ್ವಲ್ಪ ನೀರಿಗೇ ಹೋಗುತ್ತದೆ, ಸಿಪ್ಪೆಯೂ ಹೋಗುತ್ತದೆ. ಹಾಗಾಗಿ ಹಿತಕಿದ ಬೇಳೆ ಸಾರು ನಿಮಗೆ ಒಗ್ಗಬಹುದು, ಇಡೀ ಕಾಳಿನ ಉಪ್ಪಿಟ್ಟು ಒಗ್ಗದೆ ಇರಬಹುದು. ಶುಂಠಿ, ಇಂಗು ಹಾಕಿ. ಮಧ್ಯಾಹ್ನಕ್ಕೆ ತಿನ್ನಿ, ರಾತ್ರಿಗೆ ಬೇಡ. ಮೊದಲ ವಾರ ಅರ್ಧ ಬಟ್ಟಲು. ನೀವೆಲ್ಲ ಮಾಡುವುದು ಏನೆಂದರೆ ವರ್ಷಪೂರ್ತಿ ಕಾಳು ಮುಟ್ಟದೆ ಇದ್ದು, ಸೊಗಡು ಮೂಗಿಗೆ ಬಡಿದ ದಿನ ಉಪ್ಪಿಟ್ಟು, ಸಾರು, ಅಕ್ಕಿರೊಟ್ಟಿ ಎಲ್ಲಕ್ಕೂ ಅದನ್ನೇ ಹಾಕುವುದು. ಹೊಟ್ಟೆಗೂ ಸ್ವಲ್ಪ ಅಭ್ಯಾಸ ಆಗಬೇಕಲ್ವಾ?

ಪ್ರಶ್ನೆ: ನನಗೆ 58. ಮಂಡ್ಯ ಕಡೆಯವನು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ. ಈಚೆಗೆ ಶುಗರ್ ಬಂದಿದೆ, ಮೂರು ತಿಂಗಳ ಸರಾಸರಿ 7.8. ಅನ್ನ ಪೂರ್ತಿ ಬಿಟ್ಟೆ. ವಾಟ್ಸಾಪಿನಲ್ಲಿ ಬಂದ ಹಾಗೆ ಬೆಳಗ್ಗೆ ದೊಡ್ಡ ಲೋಟದಲ್ಲಿ ರಾಗಿಗಂಜಿ, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ. ಎರಡು ತಿಂಗಳಾದರೂ ಶುಗರ್ ಇಳಿದಿಲ್ಲ. ನಮ್ಮ ತಾತ ಮುದ್ದೆ ತಿಂದೇ 85 ವರ್ಷ ಬದುಕಿದರು. ರಾಗಿಯಲ್ಲೂ ಈಗ ಕಲಬೆರಕೆಯಾ?
– ರಾಜರಾಜೇಶ್ವರಿನಗರ

ಉತ್ತರ: ರಾಗಿ ಸರಿಯಾಗೇ ಇದೆ ಸರ್. ಲೆಕ್ಕ ತಪ್ಪಿದೆ.

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ, ಅದೇ ರಾಗಿಯಲ್ಲಿ 67 ಗ್ರಾಂ. ಅಂದರೆ ಎರಡೂ ಧಾನ್ಯವೇ, ಎರಡೂ ಕೊನೆಗೆ ಸಕ್ಕರೆಯೇ ಆಗುತ್ತವೆ. ರಾಗಿಯ ಹೆಚ್ಚುಗಾರಿಕೆ ಎಂದರೆ ನಾರು, ನೂರಕ್ಕೆ 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಅದು ಮೂರು ಗ್ರಾಮೂ ಇಲ್ಲ. ಕ್ಯಾಲ್ಸಿಯಂ ಅಂತೂ ಯಾವ ಧಾನ್ಯದಲ್ಲೂ ಇಷ್ಟಿಲ್ಲ, ನೂರು ಗ್ರಾಮಿಗೆ 350 ಮಿಲಿಗ್ರಾಮಿನ ಆಸುಪಾಸು. ಆದರೆ ಒಂದು ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಸಲೀಸಾಗಿ ಹೋಗುತ್ತದೆ. ಎರಡು ಮುದ್ದೆ ಅಂದರೆ ಒಂದೇ ಹೊತ್ತಿಗೆ 130 ಗ್ರಾಂ ಪಿಷ್ಟ. ಅದು ನಾಲ್ಕೈದು ಬಟ್ಟಲು ಅನ್ನಕ್ಕೆ ಕಮ್ಮಿ ಇಲ್ಲ. ಗಂಜಿ ಇನ್ನೂ ಒಂದು ಕೈ ಮುಂದೆ. ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿ, ಗಟಗಟ ಕುಡಿದರೆ ಹೊಟ್ಟೆಗೆ ಅರೆಯುವ ಕೆಲಸವೇ ಇಲ್ಲ, ಶುಗರ್ ಸರ್ರನೆ ಮೇಲೆ ಹೋಗುತ್ತದೆ. ಗಂಜಿ ಕುಡಿದರೆ ತಂಪು ಅನ್ನುವುದೆಲ್ಲ ಸರಿ, ನಿಮಗಲ್ಲ.

ನಿಮ್ಮ ತಾತನ ಮಾತು ಬಂತಲ್ಲ. ಅವರು ಮುದ್ದೆ ಉಂಡು ಎಲ್ಲಿಗೆ ಹೋಗುತ್ತಿದ್ದರು? ಗದ್ದೆಗೆ. ನೀವು ಮುದ್ದೆ ಉಂಡು ಎಲ್ಲಿಗೆ ಹೋಗುತ್ತೀರಿ? ನೀವು ಬರೆದಿಲ್ಲ, ನಾನು ಹೇಳಲಾ? ಸೋಫಾಕ್ಕೆ.

ಮುದ್ದೆ ಒಂದೇ ಸಾಕು, ಅದೂ ನಿಮ್ಮ ಮುಷ್ಟಿಯಷ್ಟು. ಅದಕ್ಕಿಂತ ದೊಡ್ಡದಾಗಿ ತಟ್ಟೆಯಲ್ಲಿ ಕಾಣಬೇಕಾದ್ದು ಸೊಪ್ಪು, ಕಾಳು. ಬಸ್ಸಾರು ಮಾಡಿದ ದಿನ ಬಸಿದ ನೀರಿನ ಸಾರನ್ನು ಮುದ್ದೆಗೆ ಹಚ್ಚಿಕೊಂಡು ಪಲ್ಯವನ್ನು ಬದಿಗೆ ಒಂದು ಚಮಚ ಬಡಿಸಿಕೊಳ್ಳುವ ರೂಢಿ ಇದೆಯಲ್ಲ, ಅದನ್ನು ತಿರುಗಾಮುರುಗಾ ಮಾಡಿ. ಮೊದಲು ಪಲ್ಯ ಒಂದು ಬಟ್ಟಲು ತಿಂದು ಮುಗಿಸಿ, ಆಮೇಲೆ ಮುದ್ದೆ ಮುರಿಯಿರಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ, ಬೀದಿ ತುದಿಯ ಅಂಗಡಿ ತನಕ ಹೋಗಿ ಬಂದರೂ ಆಯಿತು. ನಡೆಯುವಾಗ ಕಾಲಿನ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಊಟ ಶುರುಮಾಡಿದ ಎರಡು ಗಂಟೆಗೆ ನೋಡಿ, ಒಂದು ದಿನ ಎರಡು ಮುದ್ದೆಗೆ, ಇನ್ನೊಂದು ದಿನ ಒಂದು ಮುದ್ದೆ ಮತ್ತು ನಡಿಗೆಗೆ. ಸಾಮಾನ್ಯವಾಗಿ 180ರ ಒಳಗಿರಬೇಕು ಅನ್ನುತ್ತಾರೆ. ನಾನು ಹೇಳುವುದಕ್ಕಿಂತ ಆ ಯಂತ್ರ ಹೇಳಿದರೆ ನೀವು ಬೇಗ ನಂಬುತ್ತೀರಿ.

ಅನ್ನ ಪೂರ್ತಿ ಬಿಡುವ ಶಪಥವೂ ಬೇಡ. ಒಂದು ಹಿಡಿ ಮೊಸರನ್ನ ತಿಂದರೆ ಯಾರೂ ಜೈಲಿಗೆ ಹಾಕುವುದಿಲ್ಲ. ಮುಂದಿನ ತಿಂಗಳು ಸಂಕ್ರಾಂತಿ. ಎಳ್ಳು ಬೆಲ್ಲ ಬೀರುವವರು ಮನೆಗೆ ಬರುತ್ತಾರೆ, ಬೆಲ್ಲ ಸಕ್ಕರೆಯಲ್ಲ ಅಂತ ನಿಮಗೆ ಯಾರಾದರೂ ಹೇಳಿಯೂ ಹೇಳುತ್ತಾರೆ. ಶುಗರಿಗೆ ಎರಡೂ ಒಂದೇ. ಒಂದು ಚಮಚ ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತಾಡಿ, ಸಕ್ಕರೆ ಅಚ್ಚನ್ನು ಮೊಮ್ಮಕ್ಕಳಿಗೆ ಕೊಡಿ. ಮಾತ್ರೆ ಬರೆದುಕೊಟ್ಟಿದ್ದರೆ ರಾಗಿ ನಂಬಿಕೊಂಡು ಅದನ್ನು ಬಿಡಬೇಡಿ. ಮೆಟ್‌ಫಾರ್ಮಿನ್ ತುಂಬಾ ದಿನ ತಗೊಳ್ಳುವವರಲ್ಲಿ ಬಿ12 ಕಮ್ಮಿಯಾಗಬಹುದು, ವರ್ಷಕ್ಕೊಮ್ಮೆ ಅದನ್ನೂ ನೋಡಿಸಿ, ಅದರಲ್ಲೂ ಕಾಲು ಜೋಮು ಹಿಡಿಯುತ್ತಿದ್ದರೆ.

ಪ್ರಶ್ನೆ: ಚಳಿಗಾಲದಲ್ಲಿ ಮಕ್ಕಳಿಗೆ ಸೀಬೆಹಣ್ಣು, ಮೊಸರು ಕೊಡಬಾರದು ಅಂತ ಅತ್ತೆ ಹೇಳುತ್ತಾರೆ. ನೆಗಡಿಯಾಗುತ್ತದಂತೆ. ನಿಜವಾ?
– ಮಲ್ಲೇಶ್ವರಂ

ಉತ್ತರ: ನೆಗಡಿ ಬರುವುದು ವೈರಸ್ಸಿನಿಂದ, ಶಾಲೆಯಲ್ಲಿ ಪಕ್ಕದಲ್ಲಿ ಕೂತವನ ಸೀನಿನಿಂದ. ಸೀಬೆಹಣ್ಣಿನಿಂದ ಅಲ್ಲ. ನೂರು ಗ್ರಾಂ ಸೀಬೆಯಲ್ಲಿ ಇನ್ನೂರು ಮಿಲಿಗ್ರಾಮಿಗೂ ಜಾಸ್ತಿ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಎಷ್ಟೋ ಪಟ್ಟು. ದೊಡ್ಡವರಿಗೇ ದಿನಕ್ಕೆ ಎಂಬತ್ತು ಸಾಕು, ಹಾಗಾಗಿ ಮಗುವಿಗೆ ಅರ್ಧ ಹಣ್ಣು ಧಾರಾಳ. ಮೊಸರೂ ಅಷ್ಟೇ, ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಡಬೇಡಿ, ಗಂಟಲು ನೋಯುವಾಗ ತಣ್ಣಗಿನದು ಹಿತ ಅನ್ನಿಸುವುದಿಲ್ಲ, ಅಷ್ಟೇ. ಅತ್ತೆಯ ಜೊತೆ ವಾದ ಮಾಡಬೇಡಿ. ಸೀಬೆಗೆ ಉಪ್ಪು ಖಾರ ಹಚ್ಚಿ ಮೊದಲು ಅವರಿಗೇ ಕೊಡಿ. ಮಕ್ಕಳಿಗೆ ಬಿಸಿನೀರಿನ ಪಾತ್ರೆ ಮುಂದೆ ಹಬೆ ಹಿಡಿಸುವುದನ್ನು ಮಾತ್ರ ಬಿಡಿ, ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಮಕ್ಕಳು ಕಮ್ಮಿ ಇಲ್ಲ.

ಪ್ರಶ್ನೆ: ನನಗೆ 26. ಹಾಸನ ಕಡೆಯವಳು, ಬೆಳ್ಳಂದೂರಿನ ಪೀಜಿಯಲ್ಲಿದ್ದೇನೆ. ಕೆಲಸ ಮುಗಿಯುವುದು ರಾತ್ರಿ ಹತ್ತೂವರೆ. ಪೀಜಿ ಊಟ ಆರಿ ತಣ್ಣಗಾಗಿರುತ್ತದೆ, ಆ್ಯಪಿನಲ್ಲಿ ಏನಾದರೂ ತರಿಸಿ ಹಾಸಿಗೆ ಮೇಲೆ ಕೂತು ಮೊಬೈಲ್ ನೋಡುತ್ತಾ ತಿನ್ನುತ್ತೇನೆ. ಎರಡು ತಿಂಗಳಿಂದ ಏನೂ ಬೇಡ ಅನ್ನಿಸುತ್ತದೆ. ಭಾನುವಾರ ಎದ್ದೇಳುವುದಿಲ್ಲ. ಯಾಕೆ ಅಂತ ಗೊತ್ತಿಲ್ಲದೆ ಅಳು ಬರುತ್ತದೆ. ಅಮ್ಮ ಫೋನ್ ಮಾಡಿ "ಊಟ ಆಯ್ತಾ" ಅಂದರೆ ಆಯ್ತು ಅನ್ನುತ್ತೇನೆ. ಡಾರ್ಕ್ ಚಾಕೊಲೇಟ್, ಮೆಗ್ನೀಸಿಯಂ ತಗೊಂಡರೆ ಮೂಡ್ ಸರಿಹೋಗುತ್ತದೆ ಅಂತ ಓದಿದೆ. ಯಾವುದು ಒಳ್ಳೆಯದು?
– ಬೆಳ್ಳಂದೂರು

ಉತ್ತರ: ಯಾವುದೂ ಅಲ್ಲ ಕಣಮ್ಮ. ಚಾಕೊಲೇಟ್ ತಿನ್ನು ಬೇಕಾದರೆ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ನೀನು ಬರೆದಿರುವುದು ಚಾಕೊಲೇಟಿನಿಂದ ಸರಿಹೋಗುವ ವಿಷಯ ಅಲ್ಲ.

ನೇರವಾಗಿ ಹೇಳುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಮ್ಮಿ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದೂ ಬೇಡ ಅನ್ನಿಸಿದರೆ, ಅದನ್ನು ಡಾಕ್ಟರಿಗೆ ತೋರಿಸಬೇಕು. ನಿನಗೆ ಎರಡು ತಿಂಗಳಾಗಿದೆ. ಜ್ವರ ಎರಡು ತಿಂಗಳು ಇದ್ದಿದ್ದರೆ ಸುಮ್ನೆ ಇರುತ್ತಿದ್ದೆಯಾ? ಇವತ್ತೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಅದರ ಹೆಸರು, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹನ್ನೊಂದೂವರೆಗೆ ಬಿಡುವಾದರೂ ಸರಿ, ಆಗಲೇ ಮಾಡು. ಬದುಕುವುದೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದಿದ್ದರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳು. ಆ ಹೊತ್ತಿನಲ್ಲಿ ಒಬ್ಬಳೇ ರೂಮಿನಲ್ಲಿ ಇರಬೇಡ, ಪಕ್ಕದ ರೂಮಿನ ಬಾಗಿಲು ತಟ್ಟು. ಅವರು ನಿದ್ದೆಯಲ್ಲಿದ್ದರೂ ತಟ್ಟು.

ಡಾಕ್ಟರ ಹತ್ತಿರ ಹೋದಾಗ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಕೂಡ ನೋಡಲು ಹೇಳು. ಇವು ಕಮ್ಮಿಯಾದರೂ ಮಂಕು ಕವಿಯುತ್ತದೆ, ಸುಸ್ತಾಗುತ್ತದೆ, ಕೆಲವು ಸಲ ಮನಸ್ಸಿನದ್ದು ಯಾವುದು ಮೈಯದ್ದು ಯಾವುದು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಇನ್ನು ಊಟ. ರಾತ್ರಿ ಹನ್ನೊಂದೂವರೆಗೆ ಬಿರಿಯಾನಿ ತಿಂದು ಹನ್ನೆರಡಕ್ಕೆ ಮಲಗಿದರೆ ನಿದ್ದೆ ನೆಟ್ಟಗಾಗುವುದಿಲ್ಲ, ಬೆಳಗ್ಗೆ ಹಸಿವಾಗುವುದಿಲ್ಲ, ತಿಂಡಿ ಬಿಟ್ಟು ಕಾಫಿ ಮೇಲೆ ಮಧ್ಯಾಹ್ನದ ತನಕ ತಳ್ಳುತ್ತೀಯ. ಸಂಜೆ ಆರಕ್ಕೆ ಇನ್ನೊಂದು ಕಾಫಿ. ಅದರ ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಇದು ಹೀಗೇ ಸುತ್ತುತ್ತದೆ. ಆಫೀಸಿನಲ್ಲೇ ಏಳೂವರೆ ಎಂಟಕ್ಕೆ ಊಟ ಮುಗಿಸು, ಚಪಾತಿಯೋ ಅನ್ನ ಬೇಳೆಯೋ ಏನು ಸಿಗುತ್ತದೋ ಅದು. ಪೀಜಿಗೆ ಬಂದಮೇಲೆ ಹಸಿವಾದರೆ ಒಂದು ಲೋಟ ಹಾಲು, ಬಾಳೆಹಣ್ಣು. ಕಾಫಿ ಮಧ್ಯಾಹ್ನ ಮೂರರ ಮೇಲೆ ಬೇಡ.

ಒಂದೇ ಒಂದು ಊಟವನ್ನಾದರೂ ದಿನಕ್ಕೆ ಇನ್ನೊಬ್ಬರ ಎದುರು ಕೂತು ಮಾಡು. ಇದು ಔಷಧಿ ಅಂತ ಹೇಳುತ್ತಿಲ್ಲ, ನನಗೆ ಕೆಲಸ ಮಾಡಿದ್ದನ್ನು ಹೇಳುತ್ತಿದ್ದೇನೆ. ನಾನು ಈ ಊರಿಗೆ ಬಂದ ಮೊದಲ ವರ್ಷ ಹಾಸ್ಟೆಲಿನಲ್ಲಿದ್ದೆ. ಭಾನುವಾರ ರಾತ್ರಿ ಮೆಸ್ ಇರುತ್ತಿರಲಿಲ್ಲ. ಬೇಕರಿಯಿಂದ ಬನ್ನು ತಂದು ಕಿಟಕಿ ಪಕ್ಕ ಒಬ್ಬಳೇ ಕೂತು ತಿನ್ನುತ್ತಿದ್ದೆ, ಕೆಳಗೆ ಬಸ್ಸುಗಳ ದೀಪ ಎಣಿಸುತ್ತಿದ್ದೆ. ಒಂದು ಭಾನುವಾರ ಶಿರಸಿ ಕಡೆಯ ಹುಡುಗಿಯೊಬ್ಬಳು ಬಂದು, ಕೇಳದೆ ಮಾಡದೆ ನನ್ನ ಬನ್ನನ್ನು ಎರಡು ಭಾಗ ಮಾಡಿ, ಅದರ ಮಧ್ಯೆ ತನ್ನ ಮನೆಯ ಚಟ್ನಿಪುಡಿ ತುಂಬಿ, ಅರ್ಧ ತಾನು ತಿಂದಳು. ಎಂಥಾ ಕೆಟ್ಟ ರುಚಿ ಅಂದರೆ, ಸಿಹಿ ಬನ್ನಿಗೆ ಖಾರದ ಪುಡಿ. ಇಬ್ಬರೂ ನಕ್ಕೆವು. ಆಮೇಲೆ ಪ್ರತಿ ಭಾನುವಾರ ಅದೇ ತಿಂದೆವು.

ಅಮ್ಮ ಮುಂದಿನ ಸಲ "ಊಟ ಆಯ್ತಾ" ಅಂದಾಗ ನಿಜ ಹೇಳು. "ಆಯ್ತಮ್ಮ, ಆದರೆ ಸರಿಯಾಗಿಲ್ಲ ನಾನು" ಅಂತ ಅಷ್ಟೇ ಹೇಳಿದರೂ ಸಾಕು. ಅವರು ಗಾಬರಿಯಾಗುತ್ತಾರೆ ಅಂತ ನಿನಗೆ ಭಯ. ಆಗಲಿ ಬಿಡು, ಹಾಸನದಿಂದ ಬೆಂಗಳೂರು ಎಷ್ಟು ದೂರ? ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಬರುತ್ತಾರೆ.

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಮೊಬೈಲ್ ತೋರಿಸಿದರೆ ಮಾತ್ರ ಬಾಯಿ ತೆರೆಯುತ್ತಾನೆ. ಊಟ ಮಾಡಲಿಲ್ಲವಲ್ಲ ಅಂತ ದಿನಕ್ಕೆ ನಾಲ್ಕು ಲೋಟ ಹಾಲು ಕೊಡುತ್ತೇನೆ.
– ಯಲಹಂಕ

ಉತ್ತರ: ಹೊಟ್ಟೆ ತುಂಬ ಹಾಲಿರುವಾಗ ಹಸಿವು ಎಲ್ಲಿಂದ ಬರಬೇಕು? ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು, ಅದನ್ನೇ ಕುಡಿದು ಬೆಳೆದ ದುಂಡಗಿನ ಮಕ್ಕಳಲ್ಲೂ ರಕ್ತ ಕಮ್ಮಿ ಇರುತ್ತದೆ. ಎರಡು ಸಣ್ಣ ಲೋಟಕ್ಕೆ ಇಳಿಸಿ. ಮೊಬೈಲನ್ನು ಊಟದ ಹೊತ್ತಿಗೆ ಬೇರೆ ಕೋಣೆಯಲ್ಲಿಡಿ, ನಿಮ್ಮದೂ ಸೇರಿ. ಮೂರು ದಿನ ಮನೆಯಲ್ಲಿ ಯುದ್ಧ ನಡೆಯುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ನಿಮ್ಮ ತಟ್ಟೆ ಪಕ್ಕ ಅವನಿಗೂ ಒಂದು ತಟ್ಟೆ ಇಟ್ಟು, ಕೈಯಾರೆ ಕಲಸಿ ಚೆಲ್ಲಿಕೊಳ್ಳಲು ಬಿಡಿ. ಅರ್ಧ ಗಂಟೆಯಾದಮೇಲೆ ತಟ್ಟೆ ಎತ್ತಿಬಿಡಿ. ಅವನ ಹಿಂದೆ ತುತ್ತು ಹಿಡಿದು ಮನೆಯೆಲ್ಲ ಓಡಬೇಡಿ. ತೂಕ ಏರುತ್ತಿಲ್ಲ ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಅಪ್ಪನಿಗೆ 74. ಎಂಟು ತಿಂಗಳ ಹಿಂದೆ ಅಮ್ಮ ಹೋದಮೇಲೆ ನಾಗಮಂಗಲದ ಹತ್ತಿರದ ಊರಿನಿಂದ ಇಲ್ಲಿಗೆ ಕರೆತಂದೆವು. ಹನ್ನೊಂದನೇ ಮಹಡಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಡುಗೆಯವರು ಬಂದು ಮಾಡಿಟ್ಟು ಹೋಗುತ್ತಾರೆ, ಸಂಜೆ ಬಂದು ನೋಡಿದರೆ ಡಬ್ಬಿ ಹಾಗೇ ಇರುತ್ತದೆ. ಕೇಳಿದರೆ "ಹಸಿವಿಲ್ಲ ಬಿಡಪ್ಪ" ಅನ್ನುತ್ತಾರೆ. ತೂಕ 61ರಿಂದ 57ಕ್ಕೆ ಇಳಿದಿದೆ. ಯಾವ ಪ್ರೋಟೀನ್ ಪೌಡರ್ ಕೊಡಬೇಕು?
– ವೈಟ್‌ಫೀಲ್ಡ್

ಉತ್ತರ: ಪೌಡರ್ ಆಮೇಲೆ ನೋಡೋಣ. ಎಂಟು ತಿಂಗಳಲ್ಲಿ ನಾಲ್ಕು ಕೆಜಿ ಅಂದರೆ ನೂರಕ್ಕೆ ಆರಕ್ಕಿಂತ ಜಾಸ್ತಿ. ವಯಸ್ಸಾದವರಲ್ಲಿ ಬೇಕಂತಲೇ ಇಳಿಸದೆ ನೂರಕ್ಕೆ ಐದು ಇಳಿದರೂ ಡಾಕ್ಟರಿಗೆ ತೋರಿಸಬೇಕು, ದುಃಖ ಅಂತ ನಾವೇ ತೀರ್ಮಾನ ಮಾಡಿಕೊಂಡು ಕೂರಬಾರದು. ರಕ್ತ, ಶುಗರ್, ಥೈರಾಯ್ಡ್ ನೋಡಿಸಿ. ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ತಗೊಂಡು ಹೋಗಿ, ಕೆಲವು ಮಾತ್ರೆ ಹಸಿವು ಕೊಲ್ಲುತ್ತವೆ. ಹಲ್ಲು ನೋಡಿಸಿ. ಅಗಿಯಲು ನೋವಾಗುತ್ತದೆ ಅಂತ ಹೇಳಲು ನಾಚಿಕೊಂಡು "ಹಸಿವಿಲ್ಲ" ಅನ್ನುವ ಅಪ್ಪಂದಿರು ಬೇಕಾದಷ್ಟಿದ್ದಾರೆ. ನೀರೂ ಕಮ್ಮಿ ಕುಡಿಯುತ್ತಿರಬಹುದು, ರಾತ್ರಿ ಏಳಬೇಕಾಗುತ್ತದೆ ಅಂತ. ಸಂಜೆ ಆರರ ಒಳಗೆ ಕುಡಿಯುವುದನ್ನೆಲ್ಲ ಕುಡಿದು ಮುಗಿಸಲಿ. ಮನಸ್ಸು ಕುಗ್ಗಿರುವುದು ವಯಸ್ಸಾದವರಲ್ಲಿ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ, ಊಟ ಬಿಡುವುದಾಗಿ, ಮಾತು ಬಿಡುವುದಾಗಿ ಕಾಣುತ್ತದೆ. ಅದನ್ನೂ ಡಾಕ್ಟರಿಗೆ ಹೇಳಿ.

ಅಷ್ಟು ಆದಮೇಲೆ ಆ ಡಬ್ಬಿ ವಿಚಾರ. ಐವತ್ತು ವರ್ಷ ಒಬ್ಬರು ಎದುರಿಗೆ ನಿಂತು ಬಿಸಿ ಮುದ್ದೆ ಹಾಕಿ "ಇನ್ನೊಂಚೂರು ಸಾರು ಹಾಕ್ಲಾ" ಅಂದಿದ್ದಾರೆ. ಈಗ ನಿಮ್ಮ ಅಪ್ಪ ತಾವೇ ಡಬ್ಬಿ ತೆಗೆದು, ಮೈಕ್ರೋವೇವ್ ಗುಂಡಿ ಒತ್ತಿ, ಹನ್ನೊಂದನೇ ಮಹಡಿಯಲ್ಲಿ ಒಬ್ಬರೇ ಕೂತು ಉಣ್ಣಬೇಕು. ನನಗೂ ಹಸಿವಾಗುತ್ತಿರಲಿಲ್ಲ.

ಊರಿನಲ್ಲಿ ಅವರು ಎಷ್ಟು ಗಂಟೆಗೆ ಉಣ್ಣುತ್ತಿದ್ದರು ಕೇಳಿ. ಬೆಳಗ್ಗೆ ಎಂಟಕ್ಕೆ ಊಟವೇ ಆಗುತ್ತಿದ್ದರೆ ಇಲ್ಲೂ ಎಂಟಕ್ಕೇ ಊಟ ಮಾಡಲಿ, ನೀವು ಹೊರಡುವ ಮುಂಚೆ, ನಿಮ್ಮ ಜೊತೆ. ಓಟ್ಸು ಬ್ರೆಡ್ಡು ನಿಮಗಿರಲಿ. ದಿನಕ್ಕೆ ಅವರ ತೂಕದ ಒಂದು ಕೆಜಿಗೆ ಒಂದು ಗ್ರಾಮಿನಂತೆ 57, 60 ಗ್ರಾಂ ಪ್ರೋಟೀನ್ ಬೇಕು, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ. ತಿನ್ನುವವರಾದರೆ ಒಂದೆರಡು ಮೊಟ್ಟೆ, ಎರಡು ಬಟ್ಟಲು ಮೊಸರು, ಗಟ್ಟಿ ಬೇಳೆ, ಕಾಳು, ಹುರಿಗಡಲೆ ಪುಡಿ ಹಾಕಿದ ಪಲ್ಯ, ಹೀಗೆ ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತಿಗೆ ಹಂಚಿದರೆ ಹೆಚ್ಚುಕಮ್ಮಿ ಬರುತ್ತದೆ. ಹನ್ನೊಂದು ಗಂಟೆಗೆ ಕೆಳಗಿಳಿದು ಅರ್ಧ ಗಂಟೆ ಬಿಸಿಲಲ್ಲಿ ಕೂರಲಿ, ಗಾಜಿನ ಕಿಟಕಿಯೊಳಗಿನ ಬಿಸಿಲಿಗೆ ವಿಟಮಿನ್ ಡಿ ಬರುವುದಿಲ್ಲ.

ಮತ್ತೆ, ಈಗ ಅವರೆಕಾಯಿ ಕಾಲ. ಮೂರು ಕೆಜಿ ತಂದು ಅವರ ಮುಂದೆ ಸುರಿಯಿರಿ. ಬಿಡಿಸಿದ ಕಾಳಿನ ಪ್ಯಾಕೆಟ್ ಸಿಗುತ್ತದೆ ಅಂತ ಆನ್‌ಲೈನಿನಲ್ಲಿ ತರಿಸಬೇಡಿ. ಇನ್ನೂ ಚೆನ್ನ ಎಂದರೆ ಅವರನ್ನೇ ತರಲು ಕರೆದುಕೊಂಡು ಹೋಗಿ, ಕಾಯಿ ಮೂಗಿಗೆ ಹಿಡಿದು ಸೊಗಡು ನೋಡಿ, ಎಳೆಕಾಯಿ ಆರಿಸಿ, ಗಾಡಿಯವನ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡಲಿ. ನಿಮಗೆ ಅದು ಮುಜುಗರ ಅನ್ನಿಸಬಹುದು. ಅವರಿಗೆ ಈ ಊರಿನಲ್ಲಿ ಚೆನ್ನಾಗಿ ಗೊತ್ತಿರುವ ಕೆಲಸ ಅದೊಂದೇ ಇರಬಹುದು. ಸಂಜೆ ಪೇಪರ್ ಹಾಸಿ ಬಿಡಿಸುತ್ತಾ ಕೂತಾಗ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಕೈಗೆ ಸೊಗಡು ಅಂಟುತ್ತದೆ, ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಆ ಕೈಯಲ್ಲಿ ಮಾಡಿದ ಸಾರನ್ನು ಬೇಡ ಅನ್ನುವುದು ಕಷ್ಟ.

ಬಿಡಿಸುತ್ತಾ ಅವರು "ನಿಮ್ಮಮ್ಮ ಇದಕ್ಕೆ..." ಅಂತ ಶುರುಮಾಡಿದರೆ ಮಾತು ತಿರುಗಿಸಬೇಡಿ, ನೀವೂ ಪಕ್ಕ ಕೂತು ನಾಲ್ಕು ಕಾಯಿ ಬಿಡಿಸುತ್ತಾ ಕೇಳಿ. ಅಮ್ಮ ಹಿತಕಿದ ಬೇಳೆಗೆ ಯಾವ ಮಸಾಲೆ ಅರೆಯುತ್ತಿದ್ದರು ಅಂತ ಬೇಕಿದ್ದರೆ ಅಡುಗೆಯವರಿಗೆ ಅವರೇ ಹೇಳಿಕೊಡಲಿ. ಡಾಕ್ಟರ ಹತ್ತಿರ ಈ ವಾರವೇ ಹೋಗಿ, ಮೂರು ವಾರ ಬಿಟ್ಟು ಅಪ್ಪನ ತೂಕ ನೋಡಿ ನನಗೆ ಬರೆಯಿರಿ.